ದುಷ್ಯಂತನ ಅಂತಃಕರಣ

ಕೆಲವು ಮಾತುಗಳು ತಾವು ಹುಟ್ಟಿದ ನಾಟಕವನ್ನು ಬಿಟ್ಟು ಹೊರಬಂದು ಗಾದೆಗಳಾಗಿ ಬಾಳತೊಡಗುತ್ತವೆ. ಹಾಗೆ ಹೊರಬಂದ ಮೇಲೆ ಅವು ಯಾರ ಬಾಯಿಂದ, ಯಾವ ಹೊತ್ತಿನಲ್ಲಿ ಹೊರಟವೆಂದು ಯಾರೂ ಕೇಳುವುದಿಲ್ಲ. 'ಅಭಿಜ್ಞಾನ ಶಾಕುಂತಲ'ದ ಮೊದಲನೆಯ ಅಂಕದಲ್ಲಿ ದುಷ್ಯಂತನು ಆಡುವ ಒಂದು ಮಾತಿಗೆ ಈ ಗತಿ ಬಂದಿದೆ. ಯಾವುದು ಸರಿ ಎಂದು ತಿಳಿಯದಾದಾಗ ಒಳ್ಳೆಯವನಾದವನು ತನ್ನ ಒಳಮನಸ್ಸು ಎತ್ತ ಒಲಿಯುವುದೋ ಅದನ್ನೇ ನಂಬಿ ನಡೆಯಬಹುದು ಎಂಬುದು ಅದರ ಇಂಗಿತ. ಮೀಮಾಂಸಕ ಕುಮಾರಿಲಭಟ್ಟನಂಥವನೇ 'ತಂತ್ರವಾರ್ತಿಕ'ದಲ್ಲಿ ಧರ್ಮಪ್ರಮಾಣದ ಚರ್ಚೆ ಮಾಡುವಾಗ ಈ ಮಾತನ್ನು ಎತ್ತಿಕೊಂಡಿದ್ದಾನೆ. ಮನುಸ್ಮೃತಿ ಧರ್ಮದ ಮೂಲಗಳನ್ನು ಎಣಿಸುತ್ತ ವೇದ, ಸ್ಮೃತಿ, ಸದಾಚಾರಗಳ ಕೊನೆಗೆ ಆತ್ಮತುಷ್ಟಿಯನ್ನೂ ಸೇರಿಸಿದೆಯಷ್ಟೆ. ಅದಕ್ಕೆ ಕಾಳಿದಾಸನ ರಾಜ ಒಳ್ಳೆಯ ಸಾಕ್ಷಿಯಾಗಿ ಒದಗಿದ. ನಮ್ಮ ಕಾಲದವರಂತೂ ಈ ಸಾಕ್ಷಿಯನ್ನು ಧಾರಾಳವಾಗಿ ಬಳಸಿದ್ದಾರೆ. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಆತ್ಮಸಾಕ್ಷಿಗೆ ತಕ್ಕಂತೆ ಮತ ನೀಡಬೇಕೆಂದು ಇಂದಿರಾ ಗಾಂಧಿಯವರು ಕರೆ ಕೊಟ್ಟ ಮೇಲೆ ಆ ಶಬ್ದ ರಾಜಕೀಯದ ನಿಘಂಟಿಗೂ ಸೇರಿತು. ಅಲ್ಲಿ ಅದು ಅಧಿಕಾರವಿದ್ದ ಕಡೆಗೇ ಹೆಚ್ಚಾಗಿ ವಾಲುವುದೇಕೆಂಬುದು ಬೇರೆ ವಿಷಯ.

ನನಗೆ ಹೇಳಬೇಕೆನಿಸಿರುವುದು ಇಷ್ಟು: ಈ ಮಾತನ್ನು ಕಾಳಿದಾಸನು ತೀರ್ಪಾಗಿ ಹೇಳಿಸಿಲ್ಲ, ಪರೀಕ್ಷೆಗೆ ಇಟ್ಟಿದ್ದಾನೆ. ಮುಂದಿನ ಆರು ಅಂಕಗಳೂ ಆ ಪರೀಕ್ಷೆಯೇ.

ಮೊದಲು ಸಂದರ್ಭವನ್ನು ನೋಡೋಣ. ರಾಜನು ಮರದ ಮರೆಯಲ್ಲಿ ನಿಂತಿದ್ದಾನೆ. ಎದುರಿಗೆ ಗಿಡಗಳಿಗೆ ನೀರೆರೆಯುತ್ತಿರುವ ಮೂವರು ಹುಡುಗಿಯರು. ಅವರಲ್ಲೊಬ್ಬಳು ಅವನ ಮನಸ್ಸನ್ನು ಆಗಲೇ ಸೆಳೆದುಬಿಟ್ಟಿದ್ದಾಳೆ. ಋಷಿಯ ಮಗಳಾದರೆ ಕ್ಷತ್ರಿಯನಾದ ತಾನು ಆಕೆಯನ್ನು ವರಿಸುವಂತಿಲ್ಲ. ಆಗ ಅವನಿಗೆ ಈ ಸಿದ್ಧಾಂತ ಹೊಳೆಯುತ್ತದೆ: ನನ್ನಂಥವನ ಮನಸ್ಸು ಒಲಿದಿದೆ, ಆದ್ದರಿಂದ ಇವಳು ಯೋಗ್ಯಳೇ ಇರಬೇಕು! ಇಲ್ಲಿ ಫಿರ್ಯಾದಿಯೂ ಅವನೇ, ಸಾಕ್ಷಿಯೂ ಅವನೇ, ನ್ಯಾಯಾಧೀಶನೂ ಅವನೇ. ತರಗತಿಯಲ್ಲಿ ಈ ಶ್ಲೋಕ ಬಂದಾಗ ಹುಡುಗರು ನಕ್ಕರೆ ನಾನು ತಡೆಯುವುದಿಲ್ಲ. ಕವಿಯೂ ಸ್ವಲ್ಪ ನಕ್ಕಿರಬೇಕು.

'ಅಂತಃಕರಣ'ವೆಂಬ ಶಬ್ದವೂ ನಮ್ಮನ್ನು ದಾರಿ ತಪ್ಪಿಸುವಂಥದು. ಕನ್ನಡದಲ್ಲಿ ನಾವು ಅಂತಃಕರಣವುಳ್ಳವನೆಂದರೆ ಕರುಣೆಯುಳ್ಳವನು, ಮರುಗುವವನು. ಸಂಸ್ಕೃತದಲ್ಲಿ ಅದು ಒಳಗಿನ ಇಂದ್ರಿಯವೆಂದಷ್ಟೇ ಅರ್ಥ. ವೇದಾಂತಿಗಳು ಅದನ್ನು ಮನಸ್ಸು, ಬುದ್ಧಿ, ಚಿತ್ತ, ಅಹಂಕಾರವೆಂದು ನಾಲ್ಕಾಗಿ ಬಿಡಿಸಿದರು. ಅಹಂಕಾರವೂ ಆ ಮನೆಯ ಒಬ್ಬ ನಿವಾಸಿಯೇ. ಹೀಗಿರಲು ಒಳಗಿನಿಂದ ದನಿ ಬಂತೆಂದಮಾತ್ರಕ್ಕೆ ಆಯಿತೆ? ನಾಲ್ವರಲ್ಲಿ ಯಾರ ದನಿ ಎಂದು ಕೇಳಬೇಡವೆ? ಕಾಳಿದಾಸನು 'ಪ್ರವೃತ್ತಿ' ಎಂಬ ಶಬ್ದವನ್ನು ಬಹುವಚನದಲ್ಲಿ ಇಟ್ಟಿರುವುದನ್ನೂ ಗಮನಿಸಬೇಕು. ಒಳಗೆ ಏಳುವ ಅಲೆ ಒಂದಲ್ಲ.

ಗಾದೆಯಾಗಿ ಬಳಸುವವರು ಬಿಟ್ಟುಬಿಡುವ ಇನ್ನೊಂದು ಸಂಗತಿಯಿದೆ. ಶ್ಲೋಕ ಮುಗಿದ ಕೂಡಲೇ ರಾಜನು ಗದ್ಯದಲ್ಲಿ, ಹಾಗಿದ್ದರೂ ಇವಳ ವಿಷಯವನ್ನು ಸರಿಯಾಗಿ ವಿಚಾರಿಸಿ ತಿಳಿಯುತ್ತೇನೆ, ಎಂಬರ್ಥದ ಒಂದು ಪುಟ್ಟ ಮಾತು ಸೇರಿಸುತ್ತಾನೆ. ವಿಚಾರಿಸುತ್ತಾನೆ ಕೂಡ. ಸಖಿಯರಿಂದ ವಿಶ್ವಾಮಿತ್ರ-ಮೇನಕೆಯರ ಕಥೆ ಹೊರಬೀಳುತ್ತದೆ, ಸಂಶಯ ಹರಿಯುತ್ತದೆ. ಅವನ ಒಲವು ಸತ್ಯವನ್ನೇ ಮುಟ್ಟಿತ್ತು, ನಿಜ. ಆದರೆ ಸುಳ್ಳಾಗಿದ್ದರೂ ಅದು ಅಷ್ಟೇ ಖಚಿತವಾಗಿ ಮಾತಾಡುತ್ತಿತ್ತು ಎಂಬುದು ನನ್ನ ಎಣಿಕೆ. ಆಸೆಗೆ ತನ್ನ ವಾದವನ್ನು ಧರ್ಮಶಾಸ್ತ್ರದ ಭಾಷೆಯಲ್ಲಿ ಮಂಡಿಸುವ ಚಾತುರ್ಯ ಇದ್ದೇ ಇದೆ.

ಐದನೆಯ ಅಂಕಕ್ಕೆ ಬರೋಣ. ದೂರ್ವಾಸನ ಶಾಪದಿಂದ ರಾಜನಿಗೆ ಎಲ್ಲವೂ ಮರೆತುಹೋಗಿದೆ. ಮಹಾಭಾರತದ ದುಷ್ಯಂತನಿಗೆ ಮರೆವಿಲ್ಲ. ಎಲ್ಲ ನೆನಪಿದ್ದೂ ಅಲ್ಲಗಳೆಯುತ್ತಾನೆ, ಕೊನೆಗೆ ಆಕಾಶವಾಣಿಯಾದ ಮೇಲೆ ಒಪ್ಪಿಕೊಳ್ಳುತ್ತಾನೆ. ಕಾಳಿದಾಸನು ಶಾಪವನ್ನು ತಂದದ್ದು ನಾಯಕನ ಮಾನ ಉಳಿಸುವುದಕ್ಕೆಂದು ವಿಮರ್ಶಕರು ಹೇಳುತ್ತ ಬಂದಿದ್ದಾರೆ. ಅಷ್ಟೇ ಆಗಿದ್ದರೆ ಅದೊಂದು ವಕೀಲಿಯ ಉಪಾಯವಾಗುತ್ತಿತ್ತು. ನನಗೆ ತೋರುವಂತೆ, ನೆನಪನ್ನು ಪೂರ್ತಿಯಾಗಿ ತೆಗೆದುಹಾಕಿದರೆ ಹೃದಯಕ್ಕೆ ಏನು ಉಳಿಯುತ್ತದೆಂದು ಅವನಿಗೆ ನೋಡಬೇಕಾಗಿತ್ತು. ಮುಗಿಲಿನಲ್ಲಿದ್ದ ಆ ವಾಣಿಯನ್ನು ಅವನು ಮನುಷ್ಯನ ಎದೆಯೊಳಕ್ಕೆ ಇಳಿಸಿದ. ಇಳಿಸಿದ ಮೇಲೆ ಅದು ಅಷ್ಟು ಸ್ಪಷ್ಟವಾಗಿ ಕೇಳಿಸದೆ ಹೋಯಿತು.

ಅಂಕದ ಆರಂಭದಲ್ಲಿ ಹಂಸಪದಿಕೆ ಹಾಡುತ್ತಾಳೆ. ಹೊಸ ಜೇನಿಗೆ ಆಸೆಪಟ್ಟು ಹಳೆಯದನ್ನು ಮರೆತ ದುಂಬಿಯನ್ನು ಆಕ್ಷೇಪಿಸುವ ಹಾಡು. ರಾಜನಿಗೆ ಹಾಡಿನ ಕುಟುಕು ಕೂಡಲೇ ತಿಳಿಯುತ್ತದೆ. ಸಮಾಧಾನ ಹೇಳಲು ವಿದೂಷಕನನ್ನು ಕಳುಹಿಸುತ್ತಾನೆ. ಅಲ್ಲಿಗೆ ಮುಗಿಯಬೇಕು. ಮುಗಿಯುವುದಿಲ್ಲ. ಪ್ರಿಯರಾದವರನ್ನು ಯಾರನ್ನೂ ಅಗಲಿಲ್ಲವಲ್ಲ, ಆದರೂ ಮನಸ್ಸೇಕೆ ಹೀಗೆ ಕಳವಳಿಸುತ್ತಿದೆ ಎಂದು ತನಗೆ ತಾನೇ ಬೆರಗಾಗಿ, ಜನ್ಮಾಂತರದ ಸ್ನೇಹವಿರಬೇಕೆಂದು ಸುಮ್ಮನಾಗುತ್ತಾನೆ. ಅಭಿನವಗುಪ್ತನು ರಸದ ಚರ್ಚೆಯಲ್ಲಿ ಈ ಶ್ಲೋಕವನ್ನು ಎತ್ತಿಕೊಂಡದ್ದು ಸುಮ್ಮನೆ ಅಲ್ಲ.

ಇದು ಮೊದಲನೆಯ ಅಂಕದ ಒಲವಿಗಿಂತ ಎಷ್ಟು ಬೇರೆ! ಈ ಕಳವಳದಿಂದ ಅವನಿಗೆ ಬರುವ ಲಾಭ ಯಾವುದೂ ಇಲ್ಲ. ಹೀಗೆ ಮಾಡು, ಅದನ್ನು ಪಡೆ ಎಂದು ಅದು ಹೇಳುವುದಿಲ್ಲ. ಹಾಡಿನ ಅರ್ಥವನ್ನು ಪೂರ್ತಿ ವಿವರಿಸಿಕೊಂಡ ಮೇಲೂ ಅದು ಉಳಿದುಕೊಳ್ಳುತ್ತದೆ. ಇಡೀ ನಾಟಕದಲ್ಲಿ ರಾಜನಿಗೆ ಬಂದ ಅತ್ಯಂತ ನಿಜವಾದ ಅರಿವು ಇದೇ. ಮತ್ತು ಅದನ್ನು ಅವನು ತಪ್ಪಾಗಿ ಅರ್ಥೈಸುತ್ತಾನೆ! ಈ ಜನ್ಮದ, ಕೆಲವೇ ತಿಂಗಳ ಹಿಂದಿನ ಸಂಗತಿಯನ್ನು ಹಿಂದಿನ ಜನ್ಮಕ್ಕೆ ತಳ್ಳುತ್ತಾನೆ. ಅಂತಃಪ್ರಜ್ಞೆ ತನ್ನ ಹೆಸರುಚೀಟಿಯನ್ನು ಅಂಟಿಸಿಕೊಂಡು ಬರುವುದಿಲ್ಲ.

ಸ್ವಲ್ಪ ಹೊತ್ತಿನಲ್ಲೇ ಕಣ್ವನ ಶಿಷ್ಯರು ಬಸುರಿ ಶಕುಂತಲೆಯನ್ನು ಕರೆತರುತ್ತಾರೆ. ಅವರಲ್ಲಿ ಶಾರ್ಙ್ಗರವನಿಗೆ ಜನ ತುಂಬಿದ ಅರಮನೆಯೇ ಬೆಂಕಿ ಹೊತ್ತಿದ ಮನೆಯಂತೆ ಕಾಣುತ್ತದೆ. ಮುಂದೆ ಅನಾಹುತವಾಗುವುದರಿಂದ ಇದನ್ನು ಮುನ್ಸೂಚನೆ ಎನ್ನಲು ನಮಗೆ ಆಸೆ. ಆದರೆ ಏಕಾಂತದಲ್ಲಿ ಬೆಳೆದ ಅಭ್ಯಾಸವೇ ಅದಕ್ಕೆ ಕಾರಣವೆಂದು ಆ ಮುನಿಕುಮಾರನೇ ಪ್ರಾಮಾಣಿಕವಾಗಿ ಹೇಳಿಕೊಳ್ಳುತ್ತಾನೆ. ಆಮೇಲೆ ಕೆಟ್ಟದ್ದು ನಡೆಯಿತೆಂದು ಮೊದಲಿನ ಅಸಹ್ಯವೆಲ್ಲ ಅಂತರ್ದೃಷ್ಟಿಯಾಗಿಬಿಡುವುದಿಲ್ಲ.

ಈಗ ರಾಜನ ಎದುರಿಗೆ ಸೌಂದರ್ಯ ನಿಂತಿದೆ, ಮನಸ್ಸು ಎಳೆಯುತ್ತಿದೆ. ಸ್ವೀಕರಿಸಲಾರೆ, ಬಿಡಲಾರೆ ಎಂಬ ಸ್ಥಿತಿಯಲ್ಲಿ ಅವನು ತನ್ನನ್ನೇ ದುಂಬಿಗೆ ಹೋಲಿಸಿಕೊಳ್ಳುತ್ತಾನೆ. (ಹಂಸಪದಿಕೆಯ ದುಂಬಿ ಕಿವಿಯಿಂದ ಇನ್ನೂ ಹೋಗಿಲ್ಲ.) ಮೊದಲ ಅಂಕದ ಸಿದ್ಧಾಂತ ನಿಜವೆಂದು ಅವನು ನಂಬಿದ್ದರೆ ಇಲ್ಲಿ ಅದನ್ನು ಬಳಸಬೇಕಾಗಿತ್ತು: ನನ್ನ ಮನಸ್ಸು ಒಲಿದಿದೆ, ಆದ್ದರಿಂದ ಇವಳು ನನ್ನವಳು! ಅವನು ತಿರುಗುಮುರುಗು ಮಾಡುತ್ತಾನೆ: ಮನಸ್ಸು ಒಲಿದಿದೆ, ಆದ್ದರಿಂದಲೇ ಅದನ್ನು ನಂಬಕೂಡದು, ಪರಸ್ತ್ರೀಯಾಗಿದ್ದರೆ? ಇದು ನೀಚತನವಲ್ಲ, ಸಜ್ಜನಿಕೆಯೇ. ಈ ಅಂಕದ ದಾರುಣತೆ ಇರುವುದು ಇಲ್ಲಿ. ಒಬ್ಬ ಒಳ್ಳೆಯ ಮನುಷ್ಯ, ತನ್ನ ಆಸೆಯ ಭಯದಿಂದ, ತುಂಬು ಬಸುರಿಯನ್ನು ಸಭೆಯಲ್ಲಿ ನಿರಾಕರಿಸುತ್ತಾನೆ. ಅದು ಸಾಲದೆಂಬಂತೆ ಹೆಣ್ಣಿನ ಕಪಟದ ಮಾತು ಬೇರೆ ಆಡುತ್ತಾನೆ. ಆ ಮಾತನ್ನು ಮಾತ್ರ ಯಾವ ಶಾಪವೂ ಅವನಿಂದ ಆಡಿಸಲಿಲ್ಲ.

ಒಮ್ಮೆ ಇಷ್ಟವಾದದ್ದನ್ನು ಇಷ್ಟವಾಯಿತೆಂದೇ ನಂಬಿದ. ಇನ್ನೊಮ್ಮೆ ಇಷ್ಟವಾಯಿತೆಂದೇ ಶಂಕಿಸಿದ. ಎರಡೂ ಅಳತೆಗೋಲುಗಳಲ್ಲ. ಹಾಡು ಕೇಳಿದಾಗ ಬಂದ ಆ ಮೂರನೆಯ ಭಾವವನ್ನು ಮಾತ್ರ ಎದುರಿಗಿದ್ದ ಹೆಣ್ಣಿನ ಪಕ್ಕದಲ್ಲಿಟ್ಟು ನೋಡಲಿಲ್ಲ. ಸಭೆಯಲ್ಲಿ ವಿವೇಕದ ಮಾತಾಡಿದವನು ಪುರೋಹಿತನೊಬ್ಬನೇ: ಹೆರಿಗೆಯ ತನಕ ಇವಳು ನನ್ನ ಮನೆಯಲ್ಲಿರಲಿ, ಮಗುವಿಗೆ ಚಕ್ರವರ್ತಿ ಲಕ್ಷಣವಿದೆಯೆ ನೋಡೋಣ, ಎಂದ. ಎಂದರೆ ಕಾಯೋಣ, ವಿಚಾರಿಸೋಣ. ಮೊದಲ ಅಂಕದ ಆ ಪುಟ್ಟ ಗದ್ಯವಾಕ್ಯದ ಬುದ್ಧಿಯೇ ಇದು. ಆದರೆ ಹೊತ್ತು ಮೀರಿತ್ತು. ತೇಜೋರೂಪವೊಂದು ಶಕುಂತಲೆಯನ್ನು ಎತ್ತಿಕೊಂಡು ಹೋಯಿತು. ಅಂಕದ ಕೊನೆಯಲ್ಲಿ, ನೆನಪಿಲ್ಲದಿದ್ದರೂ ತನ್ನ ಹೃದಯ ನೋಯುತ್ತ ಅವಳ ಮಾತನ್ನೇ ನಂಬಿಸುವಂತಿದೆಯೆಂದು ರಾಜನಿಗೆ ಅನ್ನಿಸುತ್ತದೆ. ಈ ನೋವಿನಿಂದಲೂ ಅವನಿಗೆ ಲಾಭವಿಲ್ಲ.

ಇದೆಲ್ಲ ಶಾಪದ ಸಂಗತಿ ತಿಳಿದಿರುವ ಪ್ರೇಕ್ಷಕನಿಗೆ ಸುಲಭ, ಒಳಗೆ ಸಿಕ್ಕಿಕೊಂಡವನಿಗೆ ಹೇಗೆ ತಿಳಿಯಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಏಳನೆಯ ಅಂಕವನ್ನು ಕವಿ ಅದಕ್ಕಾಗಿಯೇ ಬರೆದನೋ ಎನ್ನಿಸುತ್ತದೆ. ಬಸವಪ್ಪಶಾಸ್ತ್ರಿಗಳು (1843–1891) ಇದನ್ನು ಕನ್ನಡಕ್ಕೆ ತಂದಂದಿನಿಂದ ನಮ್ಮ ಜನ ನಾಲ್ಕನೆಯ ಅಂಕಕ್ಕೆ ಕಣ್ಣೀರಿಟ್ಟಷ್ಟು ಏಳನೆಯದಕ್ಕೆ ಇಟ್ಟಿಲ್ಲವೆಂದು ನನ್ನ ಭಾವನೆ. ಅದು ಅದಕ್ಕೆ ಆದ ಅನ್ಯಾಯ.

ಮಾರೀಚಾಶ್ರಮದಲ್ಲಿ ರಾಜನ ಬಲತೋಳು ಅದಿರುತ್ತದೆ. ಹಿಂದೆ ಕಣ್ವಾಶ್ರಮದ ಬಾಗಿಲಲ್ಲಿ ಅದಿರಿದಾಗ ಭವಿತವ್ಯಕ್ಕೆ ಎಲ್ಲೆಡೆಯೂ ಬಾಗಿಲುಂಟೆಂದು ಅವನು ಉತ್ಸಾಹಗೊಂಡಿದ್ದ. ಈಗ, ವ್ಯರ್ಥವಾಗಿ ಏಕೆ ಅದಿರುತ್ತೀಯೆಂದು ತೋಳನ್ನೇ ಗದರಿಸುತ್ತಾನೆ. ಸಿಂಹದ ಮರಿಯನ್ನು ಎಳೆದಾಡುವ ಹುಡುಗನನ್ನು ಕಂಡು ಸ್ವಂತ ಮಗನಲ್ಲಿ ಹೇಗೋ ಹಾಗೆ ಮನಸ್ಸು ಕರಗುತ್ತದೆ. ಕೂಡಲೇ ಅವನು ಹೇಳಿಕೊಳ್ಳುವುದು, ತನಗೆ ಮಕ್ಕಳಿಲ್ಲದ್ದರಿಂದ ಹೀಗಾಗಿರಬೇಕೆಂದು. ತನ್ನ ಭಾವಕ್ಕೆ ಇರಬಹುದಾದ ಅತಿ ಸಾಧಾರಣ ಕಾರಣವನ್ನೇ ಮೊದಲು ಮುಂದಿಡುತ್ತಾನೆ. ಹುಡುಗನ ಅಂಗೈಯಲ್ಲಿ ಚಕ್ರವರ್ತಿ ರೇಖೆ ಕಾಣುತ್ತದೆ, ತಾಪಸಿಯೊಬ್ಬಳು ಇಬ್ಬರ ಹೋಲಿಕೆ ಕಂಡು ಬೆರಗಾಗುತ್ತಾಳೆ, ಪುರುವಂಶದವನೆಂದು ತಿಳಿಯುತ್ತದೆ. ಆಗಲೂ ಅವನು ಹಾರಿಹೋಗಿ ಅಪ್ಪಿಕೊಳ್ಳುವುದಿಲ್ಲ. ತಾಯಿಯ ಹೆಸರು ಕೇಳೋಣವೆಂದರೆ ಪರಸ್ತ್ರೀಯ ವಿಚಾರ ಸಲ್ಲದೆಂದು ತಡೆಯುತ್ತಾನೆ. ಮಣ್ಣಿನ ಹಕ್ಕಿಯ ನೆಪದಿಂದ ಶಕುಂತಲೆಯ ಹೆಸರೇ ಹೊರಬಿದ್ದಾಗಲೂ, ಒಂದೇ ಹೆಸರಿನವರು ಹಲವರಿರುತ್ತಾರೆ ಎನ್ನುತ್ತಾನೆ. ಐದನೆಯ ಅಂಕದ ಸಂಶಯ ಬಾಗಿಲು ಮುಚ್ಚಿತ್ತು. ಇದೂ ಸಂಶಯವೇ, ಆದರೆ ಬಾಗಿಲು ತೆರೆದಿಟ್ಟ ಸಂಶಯ. ಪ್ರತಿ ಕಾರಣವನ್ನೂ ತೂಗಿ ಬದಿಗಿಟ್ಟರೂ ಭಾವ ಮಾತ್ರ ಕರಗದೆ ನಿಂತಿರುತ್ತದೆ, ಅವಸರಪಡಿಸುವುದೂ ಇಲ್ಲ.

ಕೊನೆಗೆ ರಕ್ಷೆಯ ಪ್ರಸಂಗ. ಹುಡುಗನ ಕೈಯಿಂದ ಜಾರಿಬಿದ್ದ ಆ ತಾಯಿತವನ್ನು ತಂದೆತಾಯಿಗಳೂ ಅವನೂ ಹೊರತು ಬೇರೆ ಯಾರು ಮುಟ್ಟಿದರೂ ಅದು ಹಾವಾಗಿ ಕಚ್ಚುತ್ತದೆ. ಇದು ಅಗ್ಗದ ಪವಾಡವೆಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗೆನಿಸಿಲ್ಲ. ರಾಜನಿಗೆ ಅದರ ಮಹಿಮೆ ಗೊತ್ತಿಲ್ಲ. ತನ್ನನ್ನು ತಂದೆಯೆಂದು ಸಾಧಿಸಿಕೊಳ್ಳುವ ಉದ್ದೇಶ ಅವನಿಗಿಲ್ಲ. ಮಗುವಿನದೇನೋ ಬಿತ್ತು, ಎತ್ತಿಕೊಡೋಣವೆಂದು ಬಗ್ಗುತ್ತಾನೆ, ಅಷ್ಟೆ. ತಾಪಸಿಯರು ಬೇಡಬೇಡವೆನ್ನುವಷ್ಟರಲ್ಲಿ ಅದು ಅವನ ಕೈಯಲ್ಲಿರುತ್ತದೆ.