ಯುದ್ಧಕ್ರೀಡೆಯಲ್ಲಿ ದವಸದ ಲೆಕ್ಕ: ಮಾನ್ಯಖೇಟದ ನಿದರ್ಶನ

ಚದುರಂಗದ ಮಣೆಯ ಮೇಲೆ ಆನೆ, ಕುದುರೆ, ರಥ, ಪದಾತಿಗಳಿಗೆ ಸ್ಥಾನವುಂಟು. ಅವುಗಳ ಆಹಾರವನ್ನು ಹೊತ್ತು ತರುವ ಎತ್ತಿಗೆ ಸ್ಥಾನವಿಲ್ಲ. ವಿನೋದವೇ ಗುರಿಯಾದ ಆಟದಲ್ಲಿ ಇದು ದೋಷವೆನಿಸದು. ಆದರೆ ೧೮೨೪ರಲ್ಲಿ ಪ್ರಷ್ಯದ ರೈಸ್ವಿಟ್ಸನು ಸೇನಾಧಿಕಾರಿಗಳ ಶಿಕ್ಷಣಕ್ಕಾಗಿ ಪ್ರಕಟಿಸಿದ ಬಗೆಯ ಯುದ್ಧಕ್ರೀಡೆಯು, ಐತಿಹಾಸಿಕವೆಂಬ ವಿಶೇಷಣವನ್ನು ಧರಿಸಿದಾಗ, ಇತಿಹಾಸದ ವ್ಯಾಖ್ಯಾನವೂ ಆಗುವುದು. ಆದುದರಿಂದ ಅದರ ನಿಯಮಗಳು ವಿಮರ್ಶೆಗೆ ಒಳಗಾಗತಕ್ಕವು.

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕ್ರಿ.ಶ. ೯೭೨ರಲ್ಲಿ ಮಾಳವದ ಪರಮಾರ ಸೀಯಕನು ಖೊಟ್ಟಿಗನನ್ನು ಸೋಲಿಸಿ ಇದನ್ನು ಸೂರೆಗೊಂಡನು. ಧನಪಾಲನ ಪ್ರಾಕೃತ ಕೋಶವಾದ ‘ಪಾಇಯಲಚ್ಛೀ’ ಇದಕ್ಕೆ ಸಾಕ್ಷಿ. ರಾಜಧಾನಿಯನ್ನು ಹಿಡಿದವನೇ ಗೆದ್ದವನೆಂಬ ಆಟದಲ್ಲಿ ರಾಜ್ಯವು ಸೀಯಕನದಾಗಬೇಕು. ಆದರೆ ಮರುವರ್ಷವೇ ಅದು ದಕ್ಕಿದುದು ತರ್ದವಾಡಿ ಸಾವಿರವನ್ನು ಆಳುತ್ತಿದ್ದ ಚಾಲುಕ್ಯ ತೈಲಪನಿಗೆ. ಸಾಮಂತರ ಮನೋಭಾವವೇ ಮೊದಲಾಗಿ ಇದಕ್ಕೆ ಕಾರಣಗಳು ಹಲವಿರಬಹುದು. ಆದರೂ ಒಬ್ಬನ ಉಗ್ರಾಣ ನರ್ಮದೆಯಾಚೆ, ಇನ್ನೊಬ್ಬನದು ನೆರೆಯ ಭೀಮಾತೀರದಲ್ಲಿ ಎಂಬುದನ್ನು ಮರೆಯಲಾಗದು. ಈ ಅಂತರವನ್ನು ತೋರಿಸಲಾರದ ಆಟವು ಸೂರೆಗೂ ಆಳ್ವಿಕೆಗೂ ಭೇದವನ್ನರಿಯದು.

ಇದಕ್ಕೆ ಪರಿಹಾರವು ಅರ್ಥಶಾಸ್ತ್ರದಲ್ಲಿಯೇ ಇದೆ. ಹಾದಿಯ ಮೇವು, ಸೌದೆ, ನೀರುಗಳನ್ನೆಣಿಸಿ ಬೀಡುಗಳನ್ನು ಗೊತ್ತುಮಾಡಬೇಕು. ಬೇಕಾದುದರ ಇಮ್ಮಡಿ ಆಹಾರವನ್ನು ಒಯ್ಯಬೇಕು. ಆಗದಿದ್ದರೆ ಸೈನಿಕರೇ ಹೊರಬೇಕು, ಇಲ್ಲವೆ ನಡುದಾರಿಯಲ್ಲಿ ಕೂಡಿಡಬೇಕು ಎಂದು ಕೌಟಿಲ್ಯನು ವಿಧಿಸಿರುವನು. ಇದನ್ನು ಆಟಕ್ಕೆ ಅಳವಡಿಸುವುದು ಕಠಿಣವಲ್ಲ. ಪ್ರತಿ ದಂಡಿಗೂ ಇಂತಿಷ್ಟು ಹೇರೆಂದು ಗೊತ್ತುಮಾಡಿ, ನಡೆನಡೆಗೂ ಅದರಲ್ಲಿ ಕಳೆಯಬೇಕು. ಹೇರೆತ್ತುಗಳೂ ಮೇಯತಕ್ಕವಾದುದರಿಂದ ಹೇರು ಹೆಚ್ಚಿದಂತೆ ಮೇವಿನ ವೆಚ್ಚವೂ ಹೆಚ್ಚಬೇಕು. ಒಮ್ಮೆ ಸೂರೆಯಾದ ಮನೆಯಲ್ಲಿ ಮುಂದಿನ ಸುಗ್ಗಿಯವರೆಗೆ ಏನೂ ದೊರೆಯಬಾರದು. ಸೇಡಂ, ಚಿತ್ತಾಪುರಗಳ ಎರೆನೆಲದಲ್ಲಿ ಮಳೆಗಾಲದ ನಡೆ ಅರ್ಧಕ್ಕಿಳಿಯಬೇಕು. ಚಿಂಚೋಳಿಯ ಅಡವಿಯು ಹುಲ್ಲು ಸೌದೆಗಳನ್ನು ಕೊಟ್ಟರೂ ಧಾನ್ಯವನ್ನು ಕೊಡಬಾರದು. ಶಹಾಬಾದಿನತ್ತ ಭೀಮೆಯ ತುಂಬುಹೊಳೆ ಹೇರನ್ನು ತಡೆಯಬೇಕು. ಕೋಟೆಯ ಬಾಳಿಕೆಯನ್ನು ಅದರ ಹಗೇವುಗಳಿಂದಲೇ ಅಳೆಯಬೇಕು.

ಈ ನಿಯಮಗಳ ಯುಕ್ತಾಯುಕ್ತತೆಯನ್ನು ಪರೀಕ್ಷಿಸಲು ಕನ್ನಡನಾಡಿನದೇ ಆದ, ದಾಖಲೆ ಹೇರಳವಾಗಿರುವ ಇನ್ನೊಂದು ದಂಡಯಾತ್ರೆ ನೆರವಾಗುವುದು. ೧೭೯೧ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಅರಕೆರೆಯ ಬಳಿ ಗೆದ್ದೂ ಶ್ರೀರಂಗಪಟ್ಟಣವನ್ನು ಮುತ್ತಲಾರದೆ, ಎತ್ತುಗಳು ಸತ್ತು ದವಸ ತೀರಿದುದರಿಂದ ತನ್ನ ಭಾರಿ ಫಿರಂಗಿಗಳನ್ನು ತಾನೇ ಕೆಡಿಸಿ ಹಿಂದಿರುಗಿದನು. ೧೭೯೨ರಲ್ಲಿ ಲಂಬಾಣಿಗರ ಹೇರೆತ್ತುಗಳು ದಂಡಿಗೆ ಧಾನ್ಯವೊದಗಿಸಿದಾಗ ಅದೇ ಸೇನಾಪತಿಯು ಟಿಪ್ಪುವನ್ನು ಒಪ್ಪಂದಕ್ಕೆ ಮಣಿಸಿದನು. ಕಾಯಿಗಳನ್ನು ಮಾತ್ರ ಎಣಿಸುವ ಆಟದಲ್ಲಿ ಮೊದಲಿನ ಹಿಮ್ಮೆಟ್ಟುವಿಕೆ ಹೇಡಿತನವಾಗಿ ತೋರುವುದು. ಹೇರನ್ನೆಣಿಸುವ ಆಟದಲ್ಲಿ ಅದು ಅನಿವಾರ್ಯವಾಗುವುದು.

ಇಂತಹ ಲೆಕ್ಕದಿಂದ ಆಟವು ಶಾನುಭೋಗರ ಕಡತವಾದೀತೆಂಬ ಆಕ್ಷೇಪವು ಸಹಜ. ದಂಡಿಗೆ ಒಂದೇ ಅಂಕೆಯನ್ನಿಟ್ಟರೆ ಆ ಭಯವಿಲ್ಲ. ೧೮೭೪ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮಾರ್ಗವಾಗಿ ಸಿಕಂದರಾಬಾದಿಗೆ ರೈಲು ಓಡಿದ ಮೇಲೆ ಇಲ್ಲಿಯ ದೂರದ ಅಳತೆಯೇ ಬದಲಾಯಿತು. ಅನಂತರದ ಕಾಲದ ಆಟಕ್ಕೆ ಬೇರೆ ನಿಯಮ ಬೇಕು. ಹೇರಿನ ಕಾಲದ ಯುದ್ಧಗಳಲ್ಲಿ ಮಾತ್ರ ಎತ್ತಿಗೂ ಅದನ್ನು ಹೊಡೆದವನಿಗೂ ಮಣೆಯ ಮೇಲೆ ಒಂದು ಮನೆ ಸಲ್ಲತಕ್ಕದ್ದು. ಚಿಂಚೋಳಿ, ಸೇಡಂಗಳ ತಾಂಡಾಗಳಲ್ಲಿ ಇಂದಿಗೂ ನೆಲೆಸಿರುವ ಜನಾಂಗದ ಪೂರ್ವಿಕರನ್ನು ಬಿಟ್ಟು ಬರೆದ ಯುದ್ಧಚರಿತ್ರೆಯು ಅಪೂರ್ಣ. ಅವರನ್ನು ಬಿಟ್ಟು ಆಡುವ ಆಟವೂ ಹಾಗೆಯೇ.