ಐದು ನಕ್ಷತ್ರದ ಚೀಟಿ, ಹೊಸಪೇಟೆಯ ಮೇ ತಿಂಗಳು

ಏಸಿ ಕೊಳ್ಳುವವರು ಈಗ ಮೊದಲು ನೋಡುವುದು ಬಿಇಇ (ಇಂಧನ ದಕ್ಷತಾ ಬ್ಯೂರೋ) ನಕ್ಷತ್ರದ ಚೀಟಿಯನ್ನು. ಐದಿದ್ದರೆ ಮಾತು ಮುಗಿಯಿತು. ವರ್ಷದ ಕರೆಂಟ್ ಬಿಲ್ಲಿನ ಮಟ್ಟಿಗೆ ಅದರ ಉಪಕಾರ ದೊಡ್ಡದೇ. ಆದರೆ ಹೊಸಪೇಟೆಯ ಚಿತ್ತವಾಡ್ಗಿಯ ಆರ್‌ಸಿಸಿ ಮನೆಗೆ ಯಾವ ಏಸಿ ತಕ್ಕದ್ದು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಚೀಟಿಯಲ್ಲಿ ಅಚ್ಚಾದ ತಂಪಿನ ಸಾಮರ್ಥ್ಯವನ್ನೇ ನೋಡಿ. ಒಂದೂವರೆ ಟನ್ ಎಂದರೆ ಸುಮಾರು 5,200 ವಾಟ್. ಅದನ್ನು ಅಳೆಯುವುದು ಹೊರಗೆ 35, ಒಳಗೆ 27 ಡಿಗ್ರಿ ಇರಿಸಿದ ಪ್ರಯೋಗಾಲಯದಲ್ಲಿ. ನಕ್ಷತ್ರ ನಿರ್ಧರಿಸುವ ಐಎಸ್‌ಇಇಆರ್ ಎಂಬ ಅಂಕಿ 24ರಿಂದ 43 ಡಿಗ್ರಿವರೆಗೆ ಹರಡಿದ 1,600 ಗಂಟೆಗಳ ಲೆಕ್ಕ. ಅದರಲ್ಲಿ ಉರಿಬಿಸಿಲಿನ ಗಂಟೆಗಳ ಪಾಲು ತೀರಾ ಕಡಿಮೆ. ನಮ್ಮಲ್ಲಿ ಏಪ್ರಿಲ್, ಮೇ ಮಧ್ಯಾಹ್ನ 40 ದಾಟುತ್ತದೆ. ಹೊರಗಿನ ಯೂನಿಟ್ಟನ್ನು ಕಾದ ತಾರಸಿಯ ಮೇಲೆ ಕೂರಿಸಿದರೆ ಅದಕ್ಕೆ ಸಿಗುವ ಗಾಳಿ ಇನ್ನೂ ಬಿಸಿ. ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳು ಆ ಯೂನಿಟ್ಟಿನ ಕಾಯಿಲಿನ ಎಸಳುಗಳ ನಡುವೆ ಮೆತ್ತಿಕೊಂಡರೆ ಆ ಗಾಳಿಯೂ ಸರಿಯಾಗಿ ಹಾಯುವುದಿಲ್ಲ. ಕೋಣೆಯ ಶಾಖವನ್ನು ಹೊರಹಾಕಬೇಕಾದರೆ ಕಾಯಿಲು ಹೊರಗಾಳಿಗಿಂತ ಬಿಸಿಯಾಗಿರಲೇಬೇಕು. ಬಿಸಿಲೇರಿದಷ್ಟೂ ಕಂಪ್ರೆಸರ್ ಹೆಚ್ಚು ಕರೆಂಟ್ ತಿಂದು ಕಡಿಮೆ ತಂಪು ಕೊಡುತ್ತದೆ. ತಂಪು ಬೇಕೇ ಬೇಕೆನಿಸುವ ಹೊತ್ತಿನಲ್ಲೇ ಸೊರಗುವ ಈ ಗುಣವನ್ನು ಚೀಟಿ ಸರಾಸರಿಯಲ್ಲಿ ಮುಚ್ಚಿಹಾಕುತ್ತದೆ.

ಚಳಿನಾಡುಗಳಲ್ಲಿ ಇದೇ ಯಂತ್ರ ಉಲ್ಟಾ ನಡೆದು, ಹೀಟ್ ಪಂಪ್ ಎಂಬ ಹೆಸರಿನಲ್ಲಿ ಮನೆ ಬೆಚ್ಚಗಿಡುತ್ತದೆ. ಅಲ್ಲಿ ಹೊರಗೆ ಚಳಿ ಹೆಚ್ಚಿದಷ್ಟೂ ಶಾಖ ಕಡಿಮೆ. ಅಮೆರಿಕದಲ್ಲಿ ಅದನ್ನು ಕೊಳ್ಳುವವರಿಗೆ ಮೈನಸ್ 15 ಡಿಗ್ರಿಯಲ್ಲಿ ಎಷ್ಟು ಶಾಖ ಬರುತ್ತದೆಂಬ ಪಟ್ಟಿ ಸಿಗುತ್ತದೆ. 43ರಲ್ಲಿ ಎಷ್ಟು ತಂಪು ಎಂಬುದನ್ನು ನಮ್ಮ ಚೀಟಿಯೂ ಅಷ್ಟೇ ನೇರವಾಗಿ ಏಕೆ ಹೇಳಬಾರದು?

ಏಸಿಯೇ ಬೇಡ, ಮಣ್ಣಿನ ಮಾಳಿಗೆಗೆ ಮರಳಿ ಎಂದು ಬರೆಯುವವರೊಂದಿಗೂ ನನಗೆ ತಕರಾರಿದೆ. ಆನೆಗೊಂದಿ, ಕಂಪ್ಲಿಯ ದಪ್ಪ ಗೋಡೆಗಳ ನಡುಹಗಲಿನ ತಂಪನ್ನು ಅವರು ಕೊಂಡಾಡುತ್ತಾರೆ. ಆದರೆ ಹಗಲೆಲ್ಲ ಹೀರಿದ ಕಾವನ್ನು ಆ ಗೋಡೆ ರಾತ್ರಿ ಬಿಡುತ್ತದೆ. ಬೇಸಿಗೆಯಲ್ಲಿ ಹಿರಿಯರು ಮಾಳಿಗೆ ಮೇಲೆ, ಅಂಗಳದಲ್ಲಿ ಮಲಗುತ್ತಿದ್ದುದು ಸುಮ್ಮನಲ್ಲ. 20x30 ಸೈಟಿನಲ್ಲಿ ಎರಡಡಿ ಗೋಡೆ ಎಬ್ಬಿಸಿದರೆ ಸಂಸಾರಕ್ಕೆ ಜಾಗವೆಲ್ಲಿ? ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹೊತ್ತು ಹಾಕುವವರು ಯಾರು? ಅವರ ವಾದದಲ್ಲಿ ನಾನು ಒಪ್ಪುವುದು ಒಂದನ್ನೇ: ಮೇಲಂತಸ್ತಿಗೆ ಕಾವು ಹೆಚ್ಚಾಗಿ ಇಳಿಯುವುದು ಸೂರಿನಿಂದ. ಏಸಿಗೆ ಮುಂಚೆ ತಾರಸಿಗೆ ಬಿಳಿ ಸುಣ್ಣ ಬಳಿಸಿ, ಹೊರಗಿನ ಯೂನಿಟ್ಟಿಗೆ ನೆರಳು ಹುಡುಕಿ.

ಅಂಗಡಿಯಲ್ಲಿ 43, 46 ಡಿಗ್ರಿಯ ಸಾಮರ್ಥ್ಯದ ಪಟ್ಟಿಯನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ, ಎಷ್ಟೇ ನಕ್ಷತ್ರವಿರಲಿ, ಆ ಮಾಡೆಲ್ ಬೇಡ.