ಟನ್ನಿನ ಲೆಕ್ಕ, ಒರತೆಯ ಲೆಕ್ಕ

74.5 ಕೋಟಿ ಟನ್. ಕೇರಳದ ಕಡಲ ತಳದಲ್ಲಿ ಕಟ್ಟಡಕ್ಕೆ ಆಗುವಂಥ ಮರಳು ಇಷ್ಟಿದೆ ಅಂತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದ್ರೆ ಜಿಎಸ್‌ಐ, ಅಂದಾಜು ಮಾಡಿದೆ. ಸುದ್ದಿ ಓದಿ ಮೊದಲು ಖುಷಿಯೇ ಆಯ್ತು. ಫ್ಲಾಟ್ ಬುಕ್ ಮಾಡಿ ಇಎಂಐ ಕಟ್ಟುತ್ತಿರುವವನಿಗೆ, ಹೊಳೆ ಬಗೆಯದೇ ಮರಳು ಸಿಗುತ್ತೆ ಅನ್ನೋದಕ್ಕಿಂತ ಒಳ್ಳೇ ಸುದ್ದಿ ಇನ್ನೇನು ಬೇಕು? ಆಮೇಲೆ ಆ ಅಂಕಿಯನ್ನು ಎರಡನೇ ಸಲ ನಿಧಾನಕ್ಕೆ ಓದಿದೆ.

ಅದರ ಹಿಂದಿರುವ ಕೆಲಸದ ಬಗ್ಗೆ ನನಗೆ ತಕರಾರಿಲ್ಲ. ಈ ಸಂಸ್ಥೆಯ ಸಾಗರ ಸರ್ವೆ ವಿಭಾಗದ ಕೇಂದ್ರ ಕಚೇರಿ ನಮ್ಮ ಮಂಗಳೂರಲ್ಲೇ ಇದೆ. ಹಡಗಿನಿಂದ ಶಬ್ದದ ಅಲೆ ಕಳಿಸಿ ಆಳ ಅಳೀತಾರೆ. ಇನ್ನೊಂದು ಬಗೆಯ ಅಲೆ ತಳ ದಾಟಿ ಒಳಗಿನ ಪದರ ತೋರಿಸುತ್ತೆ. ಗುರುತು ಮಾಡಿದ ಜಾಗಗಳಲ್ಲಿ ಉಕ್ಕಿನ ಬಾಯಿ ಇಳಿಸಿ ಒಂದಿಷ್ಟು ಮರಳು ಕಚ್ಚಿ ತರ್ತಾರೆ, ಉದ್ದ ಕೊಳವೆ ಚುಚ್ಚಿ ಪದರಗಳನ್ನು ಹಾಗೇ ಎತ್ತುತ್ತಾರೆ. ಲ್ಯಾಬಿನಲ್ಲಿ ಜರಡಿ ಹಿಡಿದು ಕಾಳಿನ ಗಾತ್ರ, ಕೆಸರು, ಚಿಪ್ಪು ಎಲ್ಲ ಲೆಕ್ಕ ಹಾಕ್ತಾರೆ. ಎರಡು ಸ್ಯಾಂಪಲ್‌ಗಳ ನಡುವಿನ ಜಾಗ ಊಹೆ, ಆದರೆ ಲೆಕ್ಕವಿಟ್ಟ ಊಹೆ. ನಾವು ಒಂದಿಷ್ಟು ಲಾಗ್ ನೋಡಿ ಇಡೀ ಸರ್ವರ್ ಬಗ್ಗೆ ಹೇಳ್ತೀವಲ್ಲ, ಹಾಗೇ.

ತೊಂದರೆ ಶುರುವಾಗೋದು ಅಂಕಿ ಕೈ ಬದಲಾಯಿಸಿದಾಗ. 2023ರಲ್ಲಿ ಕಡಲ ಖನಿಜ ಕಾಯ್ದೆಗೆ ತಿದ್ದುಪಡಿಯಾಗಿ ಹರಾಜಿನ ದಾರಿ ತೆರೆಯಿತು. 2024ರ ನವೆಂಬರ್‌ನಲ್ಲಿ ಕೇಂದ್ರ ಗಣಿ ಸಚಿವಾಲಯ 13 ಬ್ಲಾಕ್‌ಗಳನ್ನು ಹರಾಜಿಗಿಟ್ಟಿತು: ಗುಜರಾತಿನ ಸುಣ್ಣದ ಕೆಸರು 3, ಗ್ರೇಟ್ ನಿಕೋಬಾರ್ ಬಳಿಯ ಲೋಹದ ಗಂಟು ಮತ್ತು ಪದರಗಳದ್ದು 7, ಕೊಲ್ಲಂ ಎದುರಿನ ಮರಳು 3. ಸರ್ವೆಯಲ್ಲಿ ಅಂದಾಜಾಗಿದ್ದದ್ದು ಹರಾಜಿನಲ್ಲಿ ಸರಕಾಯ್ತು. 'ಇಲ್ಲಿ ಇಷ್ಟಿರಬಹುದು' ಅನ್ನೋದನ್ನ 'ಇಲ್ಲಿಂದ ಇಷ್ಟು ತೆಗೆಯಬಹುದು' ಅಂತ ಓದತೊಡಗಿದ್ವಿ. ನನ್ನ ಆಕ್ಷೇಪ ಈ ಓದಿನ ಮೇಲೆ.

ಕೊಲ್ಲಂ ಎದುರಿನ ಆ ತಳ ಹೆಸರಾಂತ ಮೀನಿನ ನೆಲೆ. ಮರಳು ಎತ್ತಿದರೆ ಅದರಲ್ಲಿ ಬದುಕುವ ಹುಳ, ಚಿಪ್ಪುಗಳೂ ಹೋಗುತ್ತವೆ, ಅವನ್ನು ತಿನ್ನುವ ಮೀನಿಗೂ ಕುತ್ತು. ಎದ್ದ ಕೆಸರು ನೀರಿನಲ್ಲಿ ದೂರ ಹರಡುತ್ತೆ. 2025ರ ಫೆಬ್ರವರಿಯಲ್ಲಿ ಅಲ್ಲಿನ ಮೀನುಗಾರರು ಕರಾವಳಿ ಬಂದ್ ಮಾಡಿದರು, ಮಾರ್ಚ್‌ನಲ್ಲಿ ಕೇರಳ ವಿಧಾನಸಭೆ ವಿರೋಧದ ನಿರ್ಣಯ ಅಂಗೀಕರಿಸಿತು. 'ಅಭಿವೃದ್ಧಿ ವಿರೋಧಿಗಳು' ಅಂತ ತಳ್ಳಿಹಾಕೋದು ಸುಲಭ. ನನಗೆ ಕಂಡಂತೆ ಅವರು ಹೇಳ್ತಿರೋದು, ಈ ಟೇಬಲ್‌ನಲ್ಲಿ ಒಂದು ಕಾಲಮ್ಮೇ ಇಲ್ಲ ಅಂತ.

ಆ ಇಲ್ಲದ ಕಾಲಮ್ಮು ನನಗೆ ಚೆನ್ನಾಗಿ ಗೊತ್ತು. ನಾನು ಎಂಟನೇ ಕ್ಲಾಸಲ್ಲಿದ್ದಾಗ ಇಬ್ಬರು ಬಂದು ನಮ್ಮೂರ ಹಳ್ಳಕ್ಕೆ ಟೇಪ್ ಹಿಡಿದು, ಇಷ್ಟು ಲೋಡು ಅಂತ ಬರೆದುಕೊಂಡು ಹೋದರು. ಲೆಕ್ಕ ಸರಿಯಾಗೇ ಇತ್ತು, ಸುಮಾರು ಅಷ್ಟೇ ಲೋಡು ಟ್ರ್ಯಾಕ್ಟರ್ ಹತ್ತಿತು. ಬೇಸಿಗೆಯಲ್ಲಿ ನಮ್ಮಜ್ಜಿ ಕೈಯಲ್ಲೇ ಮರಳು ತೋಡಿ ಒರತೆ ನೀರು ತುಂಬ್ತಿದ್ದ ಜಾಗದಲ್ಲಿ ಮೂರೇ ವರ್ಷಕ್ಕೆ ಬಂಡೆ ಕಾಣಿಸಿತು. ದಂಡೆಯ ಬಾವಿಗಳು ಒಂದೊಂದಾಗಿ ಬತ್ತಿದವು. ಟೇಪ್ ಹಿಡಿದವರು ಸುಳ್ಳು ಹೇಳಿರಲಿಲ್ಲ. ಒರತೆ ಅಳೀರಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಮರಳೇ ಬೇಡ ಅನ್ನೋ ಮುಖ ನನಗಿಲ್ಲ. ಕೂತು ಇದನ್ನು ಟೈಪ್ ಮಾಡ್ತಿರೋದೇ ಒಂಬತ್ತನೇ ಮಹಡಿಯಲ್ಲಿ. ಆದರೆ ಟನ್ ಎಣಿಸಿದ ಹಾಗೇ, ಅದೇ ಹಡಗಿನಲ್ಲಿ ಅದೇ ಜಾಗಗಳಿಗೆ ಹೋಗಿ ಜೀವಗಳನ್ನೂ ಎಣಿಸಬಹುದು. ಮೀನುಗಾರರನ್ನು ಕೂರಿಸಿಕೊಂಡು ಯಾವ ತಿಂಗಳು ಎಲ್ಲಿ ಏನು ಸಿಗುತ್ತೆ ಅಂತ ನಕ್ಷೆಯ ಮೇಲೇ ಬರೆಯಬಹುದು. ಹರಾಜು ಕೂಗೋದು ಅದಾದ ಮೇಲೆ. ಅಲ್ಲೀವರೆಗೂ ಆ 74.5 ಕೋಟಿಯನ್ನು ನಾನು ಅರ್ಧ ತುಂಬಿದ ಫಾರಂ ಅಂತಲೇ ಓದ್ತೀನಿ.